ಹದಿನೇಳನೆಯ ತಗಡು

ಕೆಲವರಿಗೆ ಹಳೆಯ ಸಾಮಾನು ಕಣ್ಣಿಗೆ ಬಿದ್ದರೆ ಮನಸ್ಸು ತೇವವಾಗುತ್ತದಂತೆ. ಅಜ್ಜಿಯ ಕಾಲದ ಅಡಕತ್ತರಿ ಸಿಕ್ಕಿತು, ತಾತ ವಿಭೂತಿ ಇಡುತ್ತಿದ್ದ ಡಬ್ಬಿ ಸಿಕ್ಕಿತು ಎಂದು ಅದನ್ನು ಕೈಯಲ್ಲಿ ಹಿಡಿದುಕೊಂಡು ಅರ್ಧ ದಿನ ಕೂರುತ್ತಾರೆ. ನನಗೆ ಹಾಗಲ್ಲ. ನಮ್ಮ ಬಚ್ಚಲುಮನೆಯ ಹಿಂದೆ ಸೌದೆಯ ಮೇಲೆ ಮುಚ್ಚಿರುವ ಕಬ್ಬಿಣದ ತಗಡು ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಎರಡಾಳು ಉದ್ದದ ತಗಡು ಅದು. ನಡುವೆ ಮಡಿಸಿ ಎರಡು ಕಡೆಗೂ ಇಳಿಜಾರು ಮಾಡಿದ್ದಾರೆ. ನಾಲ್ಕು ಮೂಲೆಯಲ್ಲಿ ನಾಲ್ಕು ಗಿಡ್ಡ ಕಾಲುಗಳಿವೆ. ಒಂದು ಬದಿಯಲ್ಲಿ ಬಿಳಿಯ ಬಣ್ಣದಲ್ಲಿ ಇಂಗ್ಲಿಷ್ ಅಂಕಿಯ ಹದಿನೇಳು. ಅಷ್ಟೂ ಮಳೆ, ಅಷ್ಟೂ ಬಿಸಿಲು ತಿಂದರೂ ಆ ಅಂಕಿ ಮಾತ್ರ ಅಳಿಸಿಲ್ಲ. ಅದಕ್ಕೂ ನನಗೆ ಕೋಪ.

ನನ್ನ ಕೋಪ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮೊಮ್ಮಕ್ಕಳು ಬಾಗಿಲಿಂದಲೇ ಇಣುಕಿ "ಅಜ್ಜಿ ಇವತ್ತು ಕಾದೈತಾ, ಆರೈತಾ" ಎಂದು ಕೇಳಿಕೊಂಡು ಒಳಗೆ ಬರುತ್ತವೆ. ಹೋದ ವಾರ ಕಾಯಿಸಿದವನು ನನ್ನ ಮೈದುನ ಮಲ್ಲೇಶಿ. ಅವನಿಗೂ ಈಗ ವಯಸ್ಸಾಗಿದೆ, ಕೋಲು ಹಿಡಿದು ನಡೆಯುತ್ತಾನೆ. ಮಕ್ಕಳನ್ನು ಸೌದೆಯ ಹತ್ತಿರ ಕೂರಿಸಿಕೊಂಡು ಕಥೆ ಶುರು ಮಾಡಿದ್ದ. "ಇಡೀ ಅರಸೀಕೆರೆ ತಾಲ್ಲೂಕಿಗೇ ಮೊದಲ್ನೇ ಕಬ್ಬಿಣದ ಮನೆ ತಂದವರು ನಿಮ್ಮ ಮುತ್ತಾತ ಕಣ್ರೋ! ಒಂದು ವರ್ಷ ಮಾತ್ರ ಕೊಬ್ಬರಿ ಕೆಟ್ಟೋಯ್ತು. ನಮ್ಮವ್ವ ಸರಿಯಾಗಿ ನೋಡ್ಕೊಳ್ಳಲಿಲ್ಲ, ಅದಕ್ಕೇ."

ನಾನು ಹಿತ್ತಲ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದೆ. ಮೊರ ಕೆಳಗಿಟ್ಟೆ.

ಮುಂದೆ ಏನಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಅತ್ತೆಯ ಅಟ್ಟ ಎಂದರೆ ಏನು ಎಂದು ಹೇಳದೆ ಹೋದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ.

ನನ್ನ ತವರು ಮಾದಿಹಳ್ಳಿ. ನಾವು ಭತ್ತದವರು. ತೆಂಗಿನಕಾಯಿ ಎಂದರೆ ಒಡೆದು ತುರಿದು ಸಾರಿಗೆ ಹಾಕುವುದು ಎಂದಷ್ಟೇ ನನಗೆ ಗೊತ್ತಿತ್ತು. ಮದುವೆಯಾಗಿ ಹಾರನಹಳ್ಳಿಗೆ ಬಂದ ಮೇಲೆ ನೋಡಿದರೆ ಅಡುಗೆಮನೆಯ ಒಲೆಯ ನೇರಕ್ಕೆ, ತಲೆಯ ಮೇಲೆ, ಬಿದಿರ ದಬ್ಬೆ ಹಾಸಿದ ಒಂದು ಅಟ್ಟ. ಅದರ ತುಂಬ ಸಿಪ್ಪೆ ಸಮೇತ ಕಾಯಿ. ಒಲೆಯ ಹೊಗೆ ದಬ್ಬೆಯ ಸಂದಿನಲ್ಲಿ ನುಗ್ಗಿ, ಕಾಯಿಗಳ ನಡುವೆ ಸುತ್ತಾಡಿ, ಹೆಂಚಿನ ಸಂದಿನಿಂದ ಆಚೆ ಹೋಗುತ್ತಿತ್ತು. ಹೀಗೆ ಒಂಬತ್ತು ಹತ್ತು ತಿಂಗಳು ಮಲಗಿದರೆ ಒಳಗಿನ ನೀರೆಲ್ಲ ಇಂಗಿ, ತಿರುಳು ಕರಟದಿಂದ ತಾನಾಗಿಯೇ ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಬಿಸಿಲಲ್ಲಿ ಒಣಗಿಸಿದರೆ ಇಷ್ಟು ಹೊತ್ತಿಗೆ ಮುಗಿಯುತ್ತಿತ್ತಲ್ಲ ಎಂದು ಹೊಸ ಸೊಸೆಯಾದ ನಾನು ಕೇಳಿದ್ದೆ. ಅತ್ತೆ ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ.

ಅತ್ತೆಯ ಹೆಸರು ಗಂಗಮ್ಮ. ಗಿಡ್ಡ ಹೆಂಗಸು. ಏಣಿ ಹತ್ತುವಾಗ ಮಾತ್ರ ಹದಿನಾರರ ಹುಡುಗಿ. ವಾರಕ್ಕೊಮ್ಮೆ ಅಟ್ಟಕ್ಕೆ ಹತ್ತಿ ಕಾಯಿಗಳನ್ನೆಲ್ಲ ಮಗ್ಗುಲು ತಿರುಗಿಸುತ್ತಿದ್ದರು. ಆಗೊಂದು ಈಗೊಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ನಾನೂ ಒಂದು ದಿನ ಹತ್ತಿ, ಒಂದನ್ನು ಅಲ್ಲಾಡಿಸಿ, ಒಳಗೆ ಸದ್ದಾದದ್ದೇ ತಡ, ದೊಡ್ಡ ಸಾಧನೆ ಮಾಡಿದವಳಂತೆ ಕೆಳಗೆ ತಂದು ಒಡೆದೆ. ಎಳನೀರಿಗಿಂತ ಸ್ವಲ್ಪ ಬಲಿತ ನೀರು ನನ್ನ ಹೊಸ ಸೀರೆಯ ಮೇಲೆಲ್ಲ ಚೆಲ್ಲಿತು.

"ಅದು ನೀರಿನ ಸದ್ದು ಕಣೇ ಕಮಲಿ" ಎಂದು ಅತ್ತೆ ನಕ್ಕು ಸುಸ್ತಾದರು. "ಮೊದಲು ನೀರು ಮಾತಾಡ್ತದೆ. ಆಮೇಲೆ ಒಂದಷ್ಟು ದಿನ ಕಾಯಿ ಬಾಯೇ ಬಿಡಲ್ಲ. ಆಗ ನಾವೂ ಸುಮ್ಕಿರಬೇಕು. ಆಮೇಲೆ ಗಡಗಡ ಅಂತ ಕೊಬ್ಬರಿ ಮಾತಾಡ್ತದೆ. ಆಗ ಇಳಿಸ್ಬೇಕು. ನಿಮ್ಮ ಮಾದಿಹಳ್ಳಿಯೋರಿಗೆ ತಡ್ಕಳೋದು ಗೊತ್ತಿಲ್ಲ."

ತಡೆದುಕೊಳ್ಳುವುದು ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಪ್ರತಿ ಶ್ರಾವಣದಲ್ಲಿ ಅರಸೀಕೆರೆಯ ಕೊಬ್ಬರಿ ಮಂಡಿಯ ಸಾಹುಕಾರರು ನಮ್ಮ ಮನೆಗೆ ಬರುತ್ತಿದ್ದರು. ಜಗಲಿಯಲ್ಲಿ ಕೂತು ಒಂದು ಉಂಡೆ ಒಡೆದು, ಮೂಸಿ, ಚೂರು ಬಾಯಿಗೆ ಹಾಕಿಕೊಂಡು "ಗಂಗಮ್ಮನೋರ ಅಟ್ಟದ್ದು" ಎನ್ನುತ್ತಿದ್ದರು. ಎರಡನೆಯ ಉಂಡೆಯನ್ನು ಅವರು ಒಡೆಯುತ್ತಿರಲಿಲ್ಲ. ಉಳಿದ ಮನೆಗಳ ಚೀಲದ ಮೇಲೆ ಯಜಮಾನರ ಹೆಸರಿನ ಮೊದಲಕ್ಷರ ಬರೆಯುವುದು ಪದ್ಧತಿ. ನಮ್ಮ ಚೀಲಗಳ ಮೇಲೆ ಮಾತ್ರ ಅವರ ಆಳು ಮಸಿಯಲ್ಲಿ ದಪ್ಪಗೆ "ಗಂ" ಎಂದು ಬರೆಯುತ್ತಿದ್ದ. ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಆ ಒಂದು ಅಕ್ಷರ ಗೊತ್ತಿತ್ತು. ಗಾಡಿಗೆ ಚೀಲ ಏರಿಸುವಾಗ ಬಾಗಿಲ ಸಂದಿಯಲ್ಲಿ ನಿಂತು, ಪ್ರತಿಯೊಂದರ ಮೇಲೂ ಆ ಅಕ್ಷರ ಇದೆಯೇ ಎಂದು ನೋಡುತ್ತಿದ್ದರು.

ಈಗ ಕಬ್ಬಿಣದ ಮನೆಗೆ ಬರೋಣ. ನೆನೆಸಿಕೊಂಡರೇ ಬಾಯಿ ಒಣಗುತ್ತದೆ, ಒಂದು ಲೋಟ ಮಜ್ಜಿಗೆ ಕುಡಿದು ಬಂದೆ.

ನನ್ನ ಮಾವ ರುದ್ರಪ್ಪನವರಿಗೆ ಹೊಸದು ಎಂದರೆ ಪ್ರಾಣ. ಊರಿಗೆ ಮೊದಲು ಟಾರ್ಚು ತಂದವರು ಅವರು. ಹಗಲು ಹೊತ್ತಿನಲ್ಲೂ ಅದನ್ನು ಹಚ್ಚಿಕೊಂಡು ಓಡಾಡಿ ಅದರ ಬ್ಯಾಟರಿ ಮುಗಿಸಿದವರೂ ಅವರೇ. ದೊಡ್ಡ ಯುದ್ಧ ಮುಗಿದ ಮರುವರ್ಷ ಯಾವುದೋ ಊರಿನ ಪಾಳೆಯದಲ್ಲಿ ಸಿಪಾಯಿಗಳ ಸಾಮಾನು ಇಡಲು ನಿಲ್ಲಿಸಿದ್ದ ಕಬ್ಬಿಣದ ಮನೆಗಳನ್ನು ಬಿಚ್ಚಿ ಹರಾಜು ಹಾಕಿದರಂತೆ. ಮಾವ ಯಾರನ್ನೂ ಕೇಳದೆ ಒಂದನ್ನು ಹಿಡಿದುಬಿಟ್ಟರು. ಗೂಡ್ಸ್ ಗಾಡಿಯಲ್ಲಿ ಅದು ಅರಸೀಕೆರೆ ಸ್ಟೇಷನ್ನಿಗೆ ಬಂತು. ಅಲ್ಲಿಂದ ಎತ್ತಿನ ಗಾಡಿಗಳ ಮೇಲೆ ತಗಡು, ಕಂಬಿ, ಬೋಲ್ಟಿನ ಗೋಣಿ ಎಲ್ಲ ಸದ್ದು ಮಾಡಿಕೊಂಡು ಊರೊಳಗೆ ಬರುವಾಗ ನಾಯಿಗಳು ಗಾಡಿಗಳ ಹಿಂದೆಯೇ ಬೊಗಳಿಕೊಂಡು ಬಂದವು. ಪ್ರತಿ ತುಂಡಿನ ಮೇಲೂ ಒಂದು ಅಂಕಿ. ಜೊತೆಗೆ ಒಂದು ಅಗಲವಾದ ಕಾಗದ. ಯಾವ ಅಂಕಿಯ ಪಕ್ಕ ಯಾವ ಅಂಕಿ ಎಂದು ಅದರಲ್ಲಿ ಚಿತ್ರ ಬರೆದು ಇಂಗ್ಲಿಷಿನಲ್ಲಿ ವಿವರಿಸಿದ್ದರು.

ಇಂಗ್ಲಿಷ್ ಬರುತ್ತಿದ್ದದ್ದು ಮನೆಯಲ್ಲಿ ಮಲ್ಲೇಶಿ ಒಬ್ಬನಿಗೆ. ಅರಸೀಕೆರೆಯಲ್ಲಿ ಹೈಸ್ಕೂಲು ಮುಗಿಸಿ ಬಂದಿದ್ದ. ಕ್ರಾಪು ಬಿಟ್ಟಿದ್ದ. ಬೇಲೂರಿನ ಕಡೆಯಿಂದ ಒಂದು ಒಳ್ಳೆಯ ಮನೆಯವರು ಅವನಿಗೆ ಹೆಣ್ಣು ಕೊಡುವ ಯೋಚನೆಯಲ್ಲಿದ್ದಾರೆ ಎಂಬ ಸುದ್ದಿ ಬೇರೆ ಇತ್ತು. ಹಾಗಾಗಿ ಅವನ ನಡೆಯೇ ಬೇರೆಯಾಗಿತ್ತು.

"ಒಂದು ಇಡೀ ಮನೆ ತುಂಡು ತುಂಡಾಗಿ ಬಂದು ಜೋಡಣೆಯಾಗೋದು ಪ್ರಪಂಚದಲ್ಲೇ ಹೊಸದು ಅತ್ತಿಗೆ" ಎಂದು ಅಡುಗೆಮನೆಗೆ ಬಂದು ಹೇಳಿದ.

ನಾನು ಚಿಕ್ಕಂದಿನಲ್ಲಿ ಅಪ್ಪನ ಗಾಡಿಯಲ್ಲಿ ಹಳೇಬೀಡಿಗೆ ಹೋಗುತ್ತಿದ್ದವಳು. ಗುಡಿಯ ಕಲ್ಲುಗಳನ್ನು ಒಂದರೊಳಗೊಂದು ಕೂರಿಸಿಯೇ ನಿಲ್ಲಿಸಿದ್ದಾರೆ ಎಂದು ಅಪ್ಪ ತೋರಿಸುತ್ತಿದ್ದರು. ಅಲ್ಲೇ ಹುಲ್ಲಿನಲ್ಲಿ ಬಿದ್ದ ಕೆತ್ತನೆಯ ತುಂಡುಗಳ ಮೇಲೆ ನಾವು ಬುತ್ತಿ ಬಿಚ್ಚಿ ಮೊಸರನ್ನ ತಿನ್ನುತ್ತಿದ್ದೆವು.

"ನಮ್ಮ ಹಳೇಬೀಡಿನೋರು ಆಗ್ಲೇ ಮಾಡಿದ್ದಾರೆ ಕಣಪ್ಪ. ಅಲ್ಲೂ ಎಲ್ಲಿಗೆ ಸೇರಿದ್ದು ಅಂತ ಗೊತ್ತಿಲ್ದಿರೋ ತುಂಡುಗಳು ಬೇಕಾದಷ್ಟು ಬಿದ್ದವೆ" ಎಂದೆ.

ಅತ್ತೆ ನಕ್ಕ ರಭಸಕ್ಕೆ ಒಲೆಯ ಮೇಲಿನ ಹಾಲು ಉಕ್ಕಿತು. ಮಲ್ಲೇಶಿಯ ಮುಖ ಸಣ್ಣದಾಯಿತು. ನನಗೇನು ಗೊತ್ತಿತ್ತು, ಆ ಮಾತು ಇಷ್ಟು ಬೇಗ ನಿಜವಾಗುತ್ತದೆ ಎಂದು.

ಒಳ್ಳೆಯ ದಿನ ನೋಡಿ, ಸ್ಪ್ಯಾನರಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು ತೋಟದ ಪಕ್ಕದಲ್ಲಿ ಕೆಲಸ ಶುರು ಮಾಡಿದರು. ಮಲ್ಲೇಶಿ ಕುರ್ಚಿಯ ಮೇಲೆ ಕೂತು ಕಾಗದ ನೋಡಿ ಅಂಕಿ ಕೂಗುವುದು, ಆಳುಗಳು ಹುಡುಕಿ ತರುವುದು. ನಾಲ್ಕು ದಿನದಲ್ಲಿ ಗೋಡೆ ನಿಂತಿತು, ಮಾಡು ಕೂತಿತು. ಸುಳ್ಳು ಹೇಳಬಾರದು, ನೋಡಲು ಚೆನ್ನಾಗಿಯೇ ಇತ್ತು. ಊರವರು ಬಂದು ಗೋಡೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿ ಹೋಗುತ್ತಿದ್ದರು. ಕೊನೆಗೆ ಉಳಿದದ್ದು ಈ ಹದಿನೇಳನೆಯ ತಗಡು. ಮಾಡಿನ ನೆತ್ತಿಯಲ್ಲಿ ಎರಡಾಳು ಉದ್ದದ ಒಂದು ಸಂದು ಬಾಯಿ ತೆರೆದುಕೊಂಡಿತ್ತು. ಅದರ ಮೇಲೆ ಈ ತಗಡನ್ನು ಏರಿಸಿ ಇಟ್ಟರು. ಅದು ತನ್ನ ನಾಲ್ಕು ಗಿಡ್ಡ ಕಾಲಿನ ಮೇಲೆ ಗೇಣೆತ್ತರ ನಿಂತುಕೊಂಡಿತು. ಸುತ್ತಲೂ ಸಂದು.

"ಇದೇನ್ಲಾ, ಕೂರ್ತಾನೇ ಇಲ್ಲ?" ಎಂದು ಕೆಳಗಿನಿಂದ ಮಾವ ಕೂಗಿದರು. "ಅಳಿಲು ನುಗ್ಗಲ್ವಾ? ಕಳ್ಳ ಕೈ ಹಾಕಲ್ವಾ?"

ಮಲ್ಲೇಶಿ ಕಾಗದ ತಿರುಗಿಸಿದ, ಮತ್ತೆ ತಿರುಗಿಸಿದ. ಊರೆಲ್ಲ ಅವನ ಬಾಯಿ ನೋಡುತ್ತಿತ್ತು.

"ಇದು ಈ ಮನೇದಲ್ಲ ಅಪ್ಪ. ಬೇರೆ ಯಾವ್ದೋ ಮನೇದು ಸೇರ್ಕೊಂಡು ಬಂದೈತೆ" ಎಂದ.

ಒಂದು ತಗಡು ಹೆಚ್ಚಿಗೆ ಸಿಕ್ಕಿತು ಎಂದು ಮಾವನಿಗೆ ಖುಷಿಯೇ ಆಯಿತು. ಸೀಮೆಎಣ್ಣೆ ಡಬ್ಬಗಳನ್ನು ಕತ್ತರಿಸಿ ಚಪ್ಪಟೆ ಬಡಿಸಿ, ನೆತ್ತಿಯ ಸಂದಿಗೆ ಹೊಡೆಸಿ, ಮೇಲೆ ಟಾರು ಬಳಿಸಿದರು. ಇರುವೆಗೂ ದಾರಿ ಇಲ್ಲದ ಹಾಗೆ ಮುಚ್ಚಿದರು. ಅಷ್ಟಕ್ಕೇ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಕಬ್ಬಿಣದ ಮನೆಯಲ್ಲಿ ಕಾಯಿ ನೆಲಕ್ಕೆ ತಾಗಬಾರದೆಂದು ನಮ್ಮ ಅಡುಗೆಮನೆಯ ಅಟ್ಟದ ದಬ್ಬೆಗಳನ್ನೆಲ್ಲ ಕಿತ್ತು ಅಲ್ಲಿಗೆ ಒಯ್ದು ಹಾಸಿದರು. ಅತ್ತೆ ಪೂಜೆಗೆ ಕೂತಿದ್ದ ಹೊತ್ತಿನಲ್ಲಿ ಕಿತ್ತರು! ಎದ್ದು ಬಂದು ನೋಡಿದರೆ ಒಲೆಯ ಮೇಲೆ ಬರಿಯ ಹೆಂಚು. ನೀವೇ ಹೇಳಿ, ಇದು ಮಾಡುವ ಕೆಲಸವೇ? ಅತ್ತೆ ಗೋಡೆಗೆ ಒರಗಿಸಿದ್ದ ಏಣಿಯನ್ನು ಎತ್ತಿ ಹಿತ್ತಲಿನಲ್ಲಿ ಮಲಗಿಸಿ ಬಂದರು.

ದೀಪಾವಳಿ ಕಳೆದ ಮೇಲೆ ಆ ವರ್ಷದ ಕಾಯಿಯೆಲ್ಲ ಕಬ್ಬಿಣದ ಮನೆ ಸೇರಿತು. ಬಾಗಿಲಿಗೆ ದೊಡ್ಡ ಬೀಗ ಬಿತ್ತು. ಬೀಗದ ಕೈ ಮಾವನ ಸೊಂಟದಲ್ಲಿ. ಕಾಯಿ ಮಗ್ಗುಲು ತಿರುಗಿಸಬೇಕೆಂದರೆ ಅತ್ತೆ ಅವರನ್ನು ಕೇಳಬೇಕು. ಮಾರ್ಗಶಿರದ ಒಂದು ಬೆಳಿಗ್ಗೆ ನಾವಿಬ್ಬರೂ ಒಳಗೆ ಹೋದೆವು. ಹೊರಗೆ ಆಕಾಶ ತಿಳಿಯಾಗಿತ್ತು. ಒಳಗೆ ನನ್ನ ನೆತ್ತಿಯ ಮೇಲೆ ಟಪ್ ಎಂದು ಒಂದು ಹನಿ ಬಿತ್ತು. ತಲೆ ಎತ್ತಿದರೆ ಮಾಡಿನ ತಗಡಿನ ತುಂಬ ನೀರಿನ ಮಣಿಗಳು. ಕಾಯಿಯ ಉಸಿರೆಲ್ಲ ಮೇಲೆ ಹೋಗಿ, ದಾರಿ ಸಿಗದೆ, ಚಳಿಗೆ ನೀರಾಗಿ ಮತ್ತೆ ಕಾಯಿಯ ಮೇಲೆಯೇ ಸುರಿಯುತ್ತಿತ್ತು.

ಅತ್ತೆ ಸೀದಾ ಮಾವನ ಹತ್ತಿರ ಹೋದರು. "ಏನೂಂದ್ರೆ, ಒಳಗೆ ಮಳೆ ಬತ್ತಾ ಐತೆ. ನೆತ್ತೀಲಿ ಒಂದು ಕಿಂಡಿ ಬಿಡ್ಸಿ. ಗಾಳಿ ಆಡ್ದೆ ಕಾಯಿ ಒಣಗಲ್ಲ."

"ದೊರೆಗಳು ಅಳತೆ ಹಾಕಿ ಮಾಡ್ಸಿರೋ ಮನೆ ಅದು" ಎಂದರು ಮಾವ. "ಅದಕ್ಕೆ ನೀನು ಕಿಂಡಿ ಕೊರೀತೀಯಾ? ನಿನ್ನ ಅಟ್ಟಕ್ಕೆ ಯಾವೋನು ಅಳತೆ ಹಾಕಿದ್ದ?"

ಮಲ್ಲೇಶಿ ಅಲ್ಲೇ ಕೂತಿದ್ದ. ಪೇಪರು ಓದುತ್ತಿದ್ದವನು ತಲೆ ಎತ್ತಲಿಲ್ಲ.

ಅತ್ತೆ ಅಷ್ಟಕ್ಕೆ ಬಿಡಲಿಲ್ಲ. ಸಂಕ್ರಾಂತಿಗೆ ಹೇಳಿದರು, ಶಿವರಾತ್ರಿಗೆ ಹೇಳಿದರು. ಯುಗಾದಿಯ ಹೊತ್ತಿಗೆ ಬಿಸಿಲು ಏರಿತು. ಮಧ್ಯಾಹ್ನ ಆ ಗೋಡೆಯ ಮೇಲೆ ಕೈ ಇಟ್ಟರೆ ಚುರ್ ಎನ್ನುತ್ತಿತ್ತು. "ಇದು ಮನೆಯಲ್ಲ ಕಮಲಿ, ಬಾಣಲೆ" ಎಂದು ಅತ್ತೆ ಅಂಗೈ ಊದಿಕೊಂಡರು. ಅಷ್ಟರಲ್ಲಿ ಬಾಗಿಲು ತೆಗೆದರೆ ಹುಳಿ ವಾಸನೆ ಬರಲು ಶುರುವಾಗಿತ್ತು. ಮಾವ ಅದು ಟಾರಿನ ವಾಸನೆ ಎಂದರು.

ಶ್ರಾವಣದಲ್ಲಿ ಕಾಯಿ ಸುಲಿದರು. ಹನಿ ಬಿದ್ದ ಕಡೆಯ ಕಾಯಿಗಳೆಲ್ಲ ಸಿಪ್ಪೆ ಸೀಳಿಕೊಂಡು ಹಸಿರು ಮೊಳಕೆ ಬಿಟ್ಟಿದ್ದವು. ಉಳಿದವುಗಳ ಕರಟ ಶಾಖಕ್ಕೆ ಬಿರುಕು ಬಿಟ್ಟು, ಒಳಗೆ ಬೂಷ್ಟು ಹಿಡಿದು, ತಿರುಳು ಹಳದಿಯಾಗಿ ಕಮಟು ನಾರುತ್ತಿತ್ತು. ಮಂಡಿಯ ಸಾಹುಕಾರರು ಬಂದರು. ಜಗಲಿಯಲ್ಲಿ ಕೂತು ಒಂದು ಉಂಡೆ ಒಡೆದರು, ಮೂಸಿದರು. ಬಾಯಿಗೆ ಹಾಕಿಕೊಳ್ಳಲಿಲ್ಲ. ಎರಡನೆಯದು ಒಡೆದರು. ಮೂರನೆಯದು ಒಡೆದರು.

"ಇದೇನ್ ರುದ್ರಪ್ಪನೋರೇ, ಗಂಗಮ್ಮನೋರ ಕೊಬ್ಬರಿ ಹಿಂಗಾಗೈತೆ?" ಎಂದರು.

ಮಾವ ಒಂದು ಕ್ಷಣ ಕಬ್ಬಿಣದ ಮನೆಯ ಕಡೆ ನೋಡಿದರು. ಆಮೇಲೆ, "ಹೆಂಗಸರ ಕೈಗೆ ಬಿಟ್ಟಿದ್ದೆ ಸಾಹುಕಾರ್ರೇ. ವಯಸ್ಸಾಯ್ತು, ಈಗ ಅವಳಿಗೆ ಮೊದಲಿನ ಜ್ಞಾನ ಇಲ್ಲ" ಎಂದರು.

ಬೀಗದ ಕೈ ಸೊಂಟದಲ್ಲಿಟ್ಟುಕೊಂಡು ಆಡಿದ ಮಾತು ಅದು! ಅತ್ತೆ ಮತ್ತು ನಾನು ಬಾಗಿಲ ಹಿಂದೆಯೇ ನಿಂತಿದ್ದೆವು. ನನ್ನ ಕೈಯಲ್ಲಿ ಸಾಹುಕಾರರಿಗೆ ತಂದ ಕಾಫಿಯ ಲೋಟ. ಅದನ್ನು ಜಗಲಿಗೆ ತೆಗೆದುಕೊಂಡು ಹೋಗಿ, "ಅತ್ತೆ ಮೂರು ಸಲ ಹೇಳಿದ್ರು, ಮಾವಾರು ಕೇಳಲಿಲ್ಲ" ಎನ್ನಬೇಕಾಗಿತ್ತು. ಮನೆಯ ಸೊಸೆ, ಗಂಡಸರ ಮುಂದೆ ಬಾಯಿ ತೆಗೆಯಬಾರದು ಎಂದು ಲೋಟ ಇಟ್ಟು ಬಂದೆ. ಆ ವರ್ಷ ಕೊಬ್ಬರಿ ಎಣ್ಣೆಗೆಂದು ಅಗ್ಗದ ಬೆಲೆಗೆ ಗಾಣಕ್ಕೆ ಹೋಯಿತು. ಮರುವರ್ಷದಿಂದ ಕಾಯಿಯನ್ನು ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದರು, ನಮ್ಮ ಚೀಲಗಳ ಮೇಲೆ "ರು" ಎಂದು ಬರೆದರು. ಚೀಲ ಏರಿಸುವಾಗ ಅತ್ತೆ ಬಾಗಿಲಿಗೆ ಬರುವುದನ್ನು ಬಿಟ್ಟರು.

ಕೊಬ್ಬರಿ ಕೆಟ್ಟ ಮರುವಾರವೇ ಇರಬೇಕು, ನೀರು ಕಾಯಿಸಲು ಬಚ್ಚಲ ಒಲೆಗೆ ತೆಂಗಿನ ನಾರು ತುಂಬುತ್ತಿದ್ದೆ. ನಾರಿನ ಅಡಿಯಲ್ಲಿ ಮುದುರಿದ ಕಾಗದ ಸಿಕ್ಕಿತು. ಬಿಡಿಸಿದರೆ ಕಬ್ಬಿಣದ ಮನೆಯ ಚಿತ್ರ. ನನಗೆ ಇಂಗ್ಲಿಷ್ ಬರುವುದಿಲ್ಲ. ಹಳೇಬೀಡಿನ ರಸ್ತೆಯ ಮೈಲಿಗಲ್ಲು ನೋಡಿ ಅಂಕಿಗಳನ್ನು ಮಾತ್ರ ಕಲಿತಿದ್ದೆ. ಮಾಡಿನ ನೆತ್ತಿಯ ಮೇಲೆ, ನಾಲ್ಕು ಗಿಡ್ಡ ಕಾಲಿನ ಮೇಲೆ, ಗೇಣೆತ್ತರದಲ್ಲಿ ಹದಿನೇಳು ನಿಂತಿತ್ತು. ಅದರ ಕೆಳಗಿನ ಸಂದಿನಿಂದ ಎರಡು ಕಡೆಗೂ ಬಾಣದ ಗುರುತುಗಳು ಹೊರಗೆ ಹೋಗುತ್ತಿದ್ದವು. ಗಾಳಿ ಹೋಗುವ ದಾರಿ ಎಂದು ಮಗುವಿಗೂ ಗೊತ್ತಾಗುವಂತೆ ಬರೆದಿದ್ದರು. ಅತ್ತೆ ಕೇಳಿದ ಕಿಂಡಿಯನ್ನೇ ದೊರೆಗಳೂ ಇಟ್ಟು ಕಳಿಸಿದ್ದರು. ನಾವು ಅದನ್ನು ಸೀಮೆಎಣ್ಣೆ ಡಬ್ಬದಲ್ಲಿ ಮುಚ್ಚಿದ್ದೆವು.

ಕಾಗದ ತೆಗೆದುಕೊಂಡು ಅತ್ತೆಯ ಹತ್ತಿರ ಓಡಿದೆ. ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಬಾಣವನ್ನು ಸವರಿದರು.

"ನಾ ಹೇಳ್ದಂಗೇ ಐತೆ" ಎಂದರು.

"ಮಾವಾರಿಗೆ ತೋರಿಸ್ತೀನಿ ಅತ್ತೆ. ಮಂಡಿ ಸಾಹುಕಾರರಿಗೂ ಹೇಳಿ ಕಳಿಸೋಣ."

"ಬ್ಯಾಡ." ಕಾಗದ ಮಡಿಸಿ ನನ್ನ ಕೈಗೇ ಕೊಟ್ಟರು. "ಬೇಲೂರಿನೋರು ಮುಂದಿನ ತಿಂಗಳು ಬತ್ತಾರೆ. ಓದ್ದೋನು ಅಂತ ಹೆಣ್ಣು ಕೊಡೋಕೆ ಬತ್ತಾರೆ. ಓದೋಕೆ ಬಾರದೆ ಮನೆ ಕೆಡಿಸ್ದ ಅಂತ ಊರು ಆಡ್ಕಂಡ್ರೆ ಅವನ ಗತಿ ಏನು? ನಂದೇನು, ಒಂದು ಅಕ್ಷರ ತಾನೆ. ಹೋಗ್ಲಿ ಬಿಡು. ಯಾರಿಗೂ ಹೇಳ್ಬ್ಯಾಡ, ನನ್ನಾಣೆ."

ಆಣೆ ಹಾಕಿಸಿಕೊಂಡು ನನ್ನ ಬಾಯಿಗೂ ಟಾರು ಬಳಿದುಬಿಟ್ಟರು. ಮದುವೆ ಆಯಿತು. ಮೊಳಕೆ ಬಿಟ್ಟ ಕಾಯಿಗಳನ್ನು ಅತ್ತೆ ಎಸೆಯಲು ಬಿಡದೆ ತೋಟದ ಬದಿಯಲ್ಲಿ ಒಂದೊಂದಾಗಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. ಆ ಸಾಲನ್ನು ಊರಿನವರು ಈಗ ರುದ್ರಪ್ಪನವರ ತೋಟ ಎನ್ನುತ್ತಾರೆ. ರುದ್ರಪ್ಪನವರು ಅದಕ್ಕೆ ಒಂದು ಚೊಂಬು ನೀರು ಹಾಕಿದ್ದನ್ನು ನಾನು ಕಂಡಿಲ್ಲ. ಕಬ್ಬಿಣದ ಮನೆಯಲ್ಲಿ ಕೆಲವು ಕಾಲ ನೇಗಿಲು, ಗಾಡಿಯ ಚಕ್ರ ಇಟ್ಟರು. ಆಮೇಲೆ ಒಂದೊಂದೇ ತಗಡು ದನದ ಕೊಟ್ಟಿಗೆಗೆ, ಕೋಳಿ ಗೂಡಿಗೆ ಹೋಯಿತು. ಹದಿನೇಳು ಸೌದೆಗೆ ಬಂತು. ಅತ್ತೆ ತೀರಿಕೊಂಡರು. ಅಡುಗೆಮನೆಯ ಮೇಲೆ ಮತ್ತೆ ದಬ್ಬೆ ಹಾಸಲು ಅವರು ಕೊನೆಯವರೆಗೂ ಒಪ್ಪಿರಲಿಲ್ಲ.

ಈಗ ಹೋದ ವಾರಕ್ಕೆ ಬರುತ್ತೇನೆ. ಮೊರ ಕೆಳಗಿಟ್ಟೆ ಎಂದೆನಲ್ಲ. ಸೀದಾ ಒಳಗೆ ಹೋಗಿ ಟ್ರಂಕಿನ ತಳದಿಂದ ಆ ಕಾಗದ ತೆಗೆದೆ. ಆಣೆ ಇತ್ತು, ನಿಜ. ಆಣೆ ಇಟ್ಟವರನ್ನೇ ಅವರ ಮಗನೇ ಮರಿಮಕ್ಕಳ ಮುಂದೆ ಹೀಗೆ ಆಡಿಕೊಂಡರೆ ಯಾವ ಆಣೆ, ಎಲ್ಲಿಯ ಆಣೆ? ಮಕ್ಕಳನ್ನು ಆಟಕ್ಕೆ ಅಟ್ಟಿ, ಕಾಗದವನ್ನು ಮಲ್ಲೇಶಿಯ ತೊಡೆಯ ಮೇಲೆ ಇಟ್ಟೆ.

"ಓದಪ್ಪ. ಇಂಗ್ಲಿಷ್ ಬಲ್ಲೋನು ನೀನು. ಹದಿನೇಳು ಎಲ್ಲೈತೆ ಓದು."

ಕನ್ನಡಕ ಹಾಕಿಕೊಂಡು ನೋಡಿದ. "ಇದು... ಇದನ್ನ ಒಲೆಗೆ ಹಾಕಿದ್ದೆನಲ್ಲ ಅತ್ತಿಗೆ" ಎಂದ.

ನನಗೆ ಆಗ ಹೊಳೆಯಿತು. ಇಷ್ಟು ವರ್ಷ ನಾನು ಅವನಿಗೆ ಅರ್ಥವಾಗಿರಲಿಲ್ಲ ಎಂದುಕೊಂಡಿದ್ದೆ. ಅರ್ಥವಾಗದ ಕಾಗದವನ್ನು ಯಾರಾದರೂ ನಾರಿನ ಅಡಿಗೆ ತುರುಕುತ್ತಾರೆಯೇ?

"ಯಾವತ್ತು ಗೊತ್ತಾಯ್ತು ನಿಂಗೆ?"

"ಟಾರು ಬಳಿದ ಮಾರನೇ ದಿನ. ಊರೆಲ್ಲ ನೋಡ್ತಿತ್ತು. ಹೆಂಗೆ ಹೇಳ್ಲಿ?" ಆಮೇಲೆ, "ಅವ್ವಂಗೆ ಗೊತ್ತಿರ್ಲಿಲ್ಲ ಅಲ್ವಾ?" ಎಂದು ಕೇಳಿದ. ಎಪ್ಪತ್ತು ದಾಟಿದ ಮುದುಕ, ಕೇಳಿದ ರೀತಿ ಮಾತ್ರ ಬೆಲ್ಲ ಕದ್ದ ಹುಡುಗನದು.

"ಗೊತ್ತಿತ್ತು. ಇದೇ ಬಾಣದ ಮೇಲೆ ಬೆರಳಿಟ್ಟು ನೋಡಿದ್ರು. ನಿನ್ನ ಮದುವೆ ನಿಂತೋಗ್ತದೆ ಅಂತ ನನ್ನ ಬಾಯಿ ಮುಚ್ಚಿಸಿದ್ರು."

ಅವನು ಅತ್ತ. ನನಗೆ ಅಯ್ಯೋ ಅನ್ನಿಸಲಿಲ್ಲ. ಅನ್ನಿಸಬೇಕಿತ್ತೇನೋ. ಅತ್ತೆ ಇನ್ನೂ ಎಷ್ಟೋ ವರ್ಷ ಇದೇ ಮನೆಯಲ್ಲಿ ಇವನಿಗೆ ರೊಟ್ಟಿ ತಟ್ಟಿ ಹಾಕಿದ್ದರು. ಒಂದು ದಿನ, ಒಂದೇ ಒಂದು ದಿನ, ಇವನು ಒಲೆಯ ಮುಂದೆ ಕೂತು ಅವರಿಗೆ ನಿಜ ಹೇಳಿದ್ದರೆ ಆಗುತ್ತಿರಲಿಲ್ಲವೇ? ಸಿಟ್ಟಿನಲ್ಲಿ ಅಷ್ಟು ಕೇಳಿಯೇಬಿಟ್ಟೆ. ಕೇಳುವಾಗಲೇ ಕಾಫಿಯ ಲೋಟ ಇಟ್ಟು ಹಿಂದಕ್ಕೆ ಬಂದದ್ದು ನೆನಪಾಗಿ ನನ್ನ ದನಿಯೂ ಇಳಿಯಿತು. ಆ ಜಗಲಿಯ ಮುಂದೆ ಆಮೇಲೆ ಎಷ್ಟು ಶ್ರಾವಣ ಬಂದು ಹೋದವು. ನಾನೂ ಬಾಯಿ ಬಿಟ್ಟಿರಲಿಲ್ಲ.

ಮಲ್ಲೇಶಿ ಕೋಲು ಊರಿಕೊಂಡು ಎದ್ದ. ಬಚ್ಚಲ ಒಲೆಯಿಂದ ಒಂದು ಇದ್ದಲು ಆರಿಸಿ ತಂದು, ತಗಡಿನ ಮೇಲೆ, ಆ ಬಿಳಿಯ ಅಂಕಿಯ ಪಕ್ಕದಲ್ಲಿ, ದಪ್ಪಗೆ ಒಂದು ಅಕ್ಷರ ಬರೆದ. "ಗಂ."

ನಾನು ನೋಡಿದೆ. ಅಕ್ಷರ ಸ್ವಲ್ಪ ಸೊಟ್ಟಗಿತ್ತು.

"ಇದ್ದಲಲ್ಲಿ ಬ್ಯಾಡ" ಎಂದೆ. "ಒಂದು ಮಳೆಗೆ ಹೋಗ್ತದೆ. ಟಾರು ತಗೊಂಡ್ ಬಾ."

ಅವನು ಟಾರು ತರಲು ಹೋದ.